ಇನ್ನೂರಲ್ಲ, ನೂರಾ ನಲವತ್ತಮೂರು

ಅಣ್ಣ ಈಗ ನನ್ನನ್ನು ಮೇಡಂ ಎನ್ನುತ್ತಾನೆ. ಬೆಳಿಗ್ಗೆ ಎಬ್ಬಿಸಿ ಮುಖ ತೊಳೆಸಲು ಕರೆದೊಯ್ದರೆ ಬಚ್ಚಲ ಬಾಗಿಲಲ್ಲಿ ನಿಂತು, "ಬನ್ನಿ ಮೇಡಂ, ಚಪ್ಪಲಿ ಇಲ್ಲೇ ಬಿಡಿ. ಒಳಗೆ ಸ್ವಲ್ಪ ಕತ್ತಲಿದೆ, ನೋಡಿಕೊಂಡು ಬನ್ನಿ" ಎಂದು ನನಗೇ ದಾರಿ ತೋರಿಸುತ್ತಾನೆ. ಹಳೇಬೀಡಿನ ದೇವಸ್ಥಾನದಲ್ಲಿ ಗೈಡ್ ಕೆಲಸ ಮಾಡಿ ಆಯುಷ್ಯ ಕಳೆದವನು. ಬಂದ ಹೆಂಗಸರೆಲ್ಲ ಅವನಿಗೆ ಮೇಡಂ, ಗಂಡಸರೆಲ್ಲ ಸಾರ್. ಒಡಹುಟ್ಟಿದ ತಂಗಿಯಾದ ನಾನೂ ಈಗ ಆ ಸಾಲಿಗೆ ಸೇರಿದ್ದೇನೆ.

ಮರೆವಿನ ಕಾಯಿಲೆ ಎಂದು ಹಾಸನದ ಡಾಕ್ಟರು ಹೇಳಿದರು. ವಾಸಿಯಾಗುವಂಥದ್ದಲ್ಲ, ನಿಧಾನ ಮಾಡಬಹುದು ಅಷ್ಟೆ ಎಂದರು. ಅವರು ಏನು ಹೇಳಿದರೂ ಎದುರಾಡಬೇಡಿ, ತಪ್ಪು ಎತ್ತಿ ತೋರಿಸಬೇಡಿ, ಅವರಿಗೆ ಇಷ್ಟವಾದದ್ದು ಏನಿದೆಯೋ ಅದನ್ನು ದಿನಾ ಮಾಡಿಸಿ ಎಂದರು. ಏನಿಷ್ಟ ಅವರಿಗೆ ಎಂದು ಕೇಳಿದಾಗ ನಾನು ತಡವರಿಸಿದೆ. ಎರಡು ಮಹಾಯುದ್ಧಗಳ ನಡುವೆ ಫ್ರಾನ್ಸಿನವರು ಕಟ್ಟಿದ ವಿಚಿತ್ರ ಬಾಂಬರ್ ವಿಮಾನಗಳ ಗುರುತು ಹಿಡಿಯುವುದು ಎಂದು ಹೇಳಿದರೆ ಡಾಕ್ಟರು ನನಗೂ ಒಂದು ಚೀಟಿ ಬರೆದುಕೊಟ್ಟಾರು ಅನ್ನಿಸಿತು. "ಹಳೇ ಫೋಟೋ ನೋಡೋದು" ಎಂದು ಹೇಳಿ ಮುಗಿಸಿದೆ.

ಈ ಹುಚ್ಚು ಅವನಿಗೆ ಹಿಡಿದದ್ದು ನಾನು ಅರಸೀಕೆರೆಯ ಹೈಸ್ಕೂಲಿನಲ್ಲಿ ಲೆಕ್ಕ ಕಲಿಸುತ್ತಿದ್ದ ಕಾಲದಲ್ಲಿ. ಫ್ರಾನ್ಸಿನ ಮುದುಕನೊಬ್ಬ ಹಳೇಬೀಡಿಗೆ ಬಂದು ಇಡೀ ದಿನ ಅಣ್ಣನ ಹಿಂದೆ ದೇವಸ್ಥಾನ ಸುತ್ತಿದನಂತೆ. ಇಷ್ಟೊಂದು ವಿಗ್ರಹಗಳಲ್ಲಿ ಯಾವುದು ಯಾವ ದೇವರು ಎಂದು ಹೇಗೆ ಕಂಡುಹಿಡಿಯುತ್ತೀಯ ಎಂದು ಕೇಳಿದನಂತೆ. ಅಣ್ಣ ತನಗೆ ಬರುವ ಇಂಗ್ಲಿಷಿಗೆ ಬಾಯಿಪಾಠದ ನಾಲ್ಕು ಫ್ರೆಂಚ್ ಮಾತು ಬೆರೆಸಿ ಹೇಳಿಕೊಟ್ಟ. ನಾನೂ ನಮ್ಮೂರಿನಲ್ಲಿ ಇದೇ ಆಟ ಆಡುತ್ತೇನೆ, ಆದರೆ ವಿಮಾನಗಳ ಜೊತೆ ಎಂದು ಮುದುಕ ನಕ್ಕನಂತೆ. ಕೆಲವು ತಿಂಗಳಾದ ಮೇಲೆ ಅಂಚೆಯಲ್ಲಿ ಒಂದು ದಪ್ಪ ಪುಸ್ತಕ ಬಂತು. ಪುಟಪುಟಕ್ಕೂ ವಿಮಾನದ ಚಿತ್ರ, ಬರೆದದ್ದೆಲ್ಲ ಫ್ರೆಂಚ್. ಅಣ್ಣ ಓದಲು ಹೋಗಲಿಲ್ಲ, ನೋಡುತ್ತಾ ಕೂತ.

ಆ ವಿಮಾನಗಳು ಚೆಂದ ಇದ್ದಿದ್ದರೆ ನನಗೂ ಅರ್ಥವಾಗುತ್ತಿತ್ತು. ಇವು ಹಾಗಿರಲಿಲ್ಲ. ಒಂದಕ್ಕೆ ಮೂತಿಯ ಜಾಗದಲ್ಲಿ ಗಾಜಿನ ಜಗಲಿ. ಇನ್ನೊಂದಕ್ಕೆ ಬಗಲಿನಲ್ಲಿ ಎರಡೆರಡು ಎಂಜಿನ್ನುಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿದ್ದರು; ಒಂದರ ಪಂಖ ಮುಂದಕ್ಕೆ, ಇನ್ನೊಂದರದು ಹಿಂದಕ್ಕೆ. ಮತ್ತೊಂದರಲ್ಲಿ ಬಂದೂಕಿನವನನ್ನು ಎಂಜಿನ್ನಿನ ಹಿಂಬದಿಯ ಗೂಡಿನಲ್ಲಿ ಕೂರಿಸುತ್ತಿದ್ದರಂತೆ. ಆ ಶಬ್ದ, ಆ ಎಣ್ಣೆಯ ಹಬೆ, ಅದರ ಹಿಂದೆ ಒಬ್ಬ ಮನುಷ್ಯ. ಇದನ್ನು ಕಟ್ಟಿದವರ ತಲೆ ನೆಟ್ಟಗಿತ್ತೇ ಎಂದು ನಾನು ಕೇಳಿದೆ.

"ನೋಡು ಕೂಸೇ," ಎಂದ ಅಣ್ಣ. ನಲವತ್ತು ದಾಟಿದ್ದರೂ ಅವನಿಗೆ ನಾನು ಕೂಸು. "ದಿನವೆಲ್ಲ ಜನಕ್ಕೆ ಚೆಂದ ತೋರಿಸಿ ತೋರಿಸಿ ಸಾಕಾಗಿರ್ತದೆ ಕಣೇ. ಆ ಸೊಂಟ ನೋಡಿ, ಈ ಬಳೆ ನೋಡಿ, ಆ ಜಡೆ ನೋಡಿ. ಸಂಜೆ ಮನೆಗ್ ಬಂದ್ರೆ ಒಸಿ ಕುರೂಪ ಬೇಕು ಅನ್ನಿಸ್ತದೆ."

ಅವನ ಆಯಾಸ ಎಂಥದ್ದು ಎಂದು ಆಗ ನನಗೆ ತಿಳಿದಿರಲಿಲ್ಲ. ಈಗ ತಿಳಿಯುತ್ತಿದೆ, ಅದನ್ನು ಅವನಿಗೆ ಹೇಳಿ ಪ್ರಯೋಜನವಿಲ್ಲ.

ಆ ಕಂಪನಿಗಳ ಹೆಸರು ನಮ್ಮಿಬ್ಬರ ಬಾಯಲ್ಲೂ ಹೊರಳುತ್ತಿರಲಿಲ್ಲ. ಅದಕ್ಕೇ ಮನೆಯಲ್ಲಿ ಎಲ್ಲವನ್ನೂ ನಂಬರಿನಲ್ಲೇ ಕರೆಯುತ್ತಿದ್ದೆವು. ಬೆನ್ನಿಗೆ ಬೆನ್ನು ಎಂಜಿನ್ನಿನದು ಇನ್ನೂರಾ ಇಪ್ಪತ್ತೆರಡು. ಎಂಜಿನ್ನಿನ ಹಿಂದೆ ಮನುಷ್ಯ ಕೂರುವುದು ನೂರಾ ಇಪ್ಪತ್ತೇಳು. ರಜೆಯಲ್ಲಿ ನಾನು ಹಳೇಬೀಡಿಗೆ ಹೋದರೆ ಅತ್ತಿಗೆ ಅಡುಗೆಮನೆಯಿಂದ, "ಬಂದ್ರಾ, ಇನ್ನು ನಿಮ್ಮಣ್ಣ ಊಟಕ್ಕೇಳಲ್ಲ ಬಿಡಿ" ಎನ್ನುತ್ತಿದ್ದರು. ಅಣ್ಣ ಪುಸ್ತಕ ತೆರೆದು, ಹೆಸರಿರುವ ಜಾಗವನ್ನು ಅಂಗೈಯಲ್ಲಿ ಮುಚ್ಚಿ, ಇದು ಯಾವುದು ಹೇಳು ಎನ್ನುತ್ತಿದ್ದ.

ಬೇರೆ ಎಲ್ಲವನ್ನೂ ಹೇಗೋ ಕಲಿತೆ. ಎರಡು ಮಾತ್ರ ನನಗೆ ಕೊನೆಗೂ ಒಲಿಯಲಿಲ್ಲ. ಇನ್ನೂರು ಮತ್ತು ನೂರಾ ನಲವತ್ತಮೂರು. ಎರಡಕ್ಕೂ ಹಳೇ ಬಸ್ಸಿನಂಥ ಗಾಜಿನ ಮೂತಿ, ಎರಡಕ್ಕೂ ಎರಡು ಎಂಜಿನ್, ಎರಡಕ್ಕೂ ಮಡಚಿಕೊಳ್ಳದೆ ಕೆಳಗೆ ಜೋತುಬಿದ್ದ ಚಕ್ರ. ಅಣ್ಣ ನೂರಾ ನಲವತ್ತಮೂರನ್ನು ತೋರಿಸಿದಾಗಲೆಲ್ಲ ನಾನು ಇನ್ನೂರು ಎನ್ನುತ್ತಿದ್ದೆ. ಯಾಕೋ ಗೊತ್ತಿಲ್ಲ, ಪ್ರತಿ ಸಲವೂ. ಅಣ್ಣ ಹಣೆ ಚಚ್ಚಿಕೊಳ್ಳುತ್ತಿದ್ದ. "ಲೆಕ್ಕದ ಟೀಚರು ನೋಡಿ ಇವ್ರು! ಮಕ್ಕಳ ಗತಿಯೇನು?" ಎಂದು ಅತ್ತಿಗೆಯನ್ನು ಕೂಗಿ ಹೇಳುತ್ತಿದ್ದ. ಆಮೇಲೆ ಮತ್ತೆ ಮೊದಲಿನಿಂದ ಪಾಠ.

"ಮೇಲೆ ಅಂಟ್ಸಿರೋದನ್ನ ನೋಡ್‌ಬೇಡ ಕೂಸೇ. ಚಕ್ರದ ಮುಚ್ಚಳ, ಬಂದೂಕಿನವನು ಕೂರೋ ಗಾಜಿನ ಬುರುಡೆ, ಬಣ್ಣ, ಇವೆಲ್ಲ ಇವತ್ತಿರ್ತವೆ ನಾಳೆ ತೆಗೀತಾರೆ. ಕೆಸರಾದ್ರೆ ಮುಚ್ಚಳ ಬಿಚ್ಚಿ ಮೂಲೆಗೆ ಎಸೀತಾರೆ. ರೆಕ್ಕೆ ಮೈಗೆ ಎಲ್ ಸೇರೈತೆ, ಹೊಟ್ಟೆ ಹೆಂಗೈತೆ, ಅದನ್ನ ನೋಡು. ಅದನ್ನ ಯಾವನೂ ಬಿಚ್ಚಿ ಎಸಿಯಕ್ಕಾಗಲ್ಲ."

ತಲೆಯಾಡಿಸುತ್ತಿದ್ದೆ. ಮುಂದಿನ ರಜೆಗೆ ಹೋದಾಗ ಮತ್ತೆ ಇನ್ನೂರು ಎನ್ನುತ್ತಿದ್ದೆ.

ಅತ್ತಿಗೆ ತೀರಿಹೋದ ಮೇಲೆ ಅಣ್ಣ ಸ್ವಲ್ಪ ದಿನ ಒಬ್ಬನೇ ಇದ್ದ. ಅವರಿಗೆ ಮಕ್ಕಳಿರಲಿಲ್ಲ. ನಾನೂ ಮದುವೆಯ ತಂಟೆಗೆ ಹೋದವಳಲ್ಲ. ಅವನು ನಸುಕಿನಲ್ಲೇ ಎದ್ದು ಬಸ್ತಿಹಳ್ಳಿಯ ಕಡೆ ನಡೆದು, ಬಾಗಿಲು ತೆರೆಯದ ಬಸದಿಯ ಮುಂದೆ ನಿಂತು, ಬಾರದ ಯಾತ್ರಿಕರಿಗೆ ಕಾಯುತ್ತಾನೆ ಎಂದು ಅಲ್ಲಿನ ಹೂವಿನವಳು ಫೋನು ಮಾಡಿದಳು. ಮೊದಲ ಸಲ ಹೋದಾಗ ನನ್ನನ್ನು ಕಂಡು, "ಏನ್ ಕೂಸೇ, ಇವತ್ತು ಸ್ಕೂಲಿಲ್ವಾ?" ಎಂದ. ನಾನು ನಿವೃತ್ತಳಾಗಿ ಎಷ್ಟೋ ಕಾಲವಾಗಿತ್ತು. ಆದರೂ ಗುರುತು ಹಿಡಿದನಲ್ಲ ಎಂದುಕೊಂಡೆ. ಬಟ್ಟೆ, ಮಾತ್ರೆ, ಆ ದಪ್ಪ ಪುಸ್ತಕ ಎಲ್ಲ ಕಟ್ಟಿಕೊಂಡು ಅರಸೀಕೆರೆಗೆ ಕರೆತಂದೆ. ರೈಲ್ವೆ ಸ್ಟೇಷನ್ನಿಗೆ ಹತ್ತಿರದ ಮನೆ ನನ್ನದು. ಗಾಡಿ ಬಂದಾಗಲೆಲ್ಲ ಅವನು ಬೆಚ್ಚುತ್ತಿದ್ದ, ಆಮೇಲೆ ಒಗ್ಗಿಕೊಂಡ. ಒಗ್ಗಿಕೊಳ್ಳುವ ಹೊತ್ತಿಗೆ ನಾನು ಮೇಡಂ ಆಗಿದ್ದೆ.

ಡಾಕ್ಟರು ಹೇಳಿದಂತೆ ಸಂಜೆಯ ಹೊತ್ತು ಫೋಟೋ ತೋರಿಸಲು ಶುರುಮಾಡಿದೆ. ಅವನ ಫೋನಿನಲ್ಲಿ ಒಂದು ಗುಂಪಿದೆ. ಎಲ್ಲೆಲ್ಲಿಯದೋ ದೇಶಗಳ ಮುದುಕರು ಹಳೆಯ, ಮಸುಕಾದ ಫೋಟೋಗಳನ್ನು ಹಾಕಿ, ಇದು ಯಾವ ವಿಮಾನ ಎಂದು ಒಬ್ಬರನ್ನೊಬ್ಬರು ಕೇಳುತ್ತಾರೆ. ಕೆಲವದರಲ್ಲಿ ಬಾಲ ಮಾತ್ರ ಕಾಣುತ್ತದೆ, ಕೆಲವದರಲ್ಲಿ ರೆಕ್ಕೆಯ ಕೆಳಗೆ ನಿಂತ ಸಿಪಾಯಿಗಳೇ ಅರ್ಧ ವಿಮಾನ ಮುಚ್ಚಿರುತ್ತಾರೆ. ಅಣ್ಣನಿಗೆ ಫೋನು ಹಿಡಿಯಲು ಬರುವುದಿಲ್ಲ ಈಗ. ನಾನು ಹಿಡಿದು ತೋರಿಸುತ್ತೇನೆ. ಅವನು ಕಣ್ಣು ಕಿರಿದು ಮಾಡಿ, ತಲೆ ಓರೆ ಮಾಡಿ, "ಇನ್ನೂರಾ ಇಪ್ಪತ್ತೊಂದು. ಚಕ್ರ ಮಡಚಿಲ್ಲ ನೋಡಿ ಮೇಡಂ. ಮಡಚಿದ್ದರೆ ಇಪ್ಪತ್ತೆರಡಾಗುತ್ತಿತ್ತು" ಎನ್ನುತ್ತಾನೆ. ನಾನು ಅವನ ಪರವಾಗಿ ಉತ್ತರ ಒತ್ತುತ್ತೇನೆ. ಬೆಳಗಾಗುವುದರಲ್ಲಿ ಸರಿ ಎಂದು ಯಾರೋ ಹೆಬ್ಬೆರಳು ಹಾಕಿರುತ್ತಾರೆ. ಇಂಥ ಗುರುತುಗಾರ ಬೆಳಿಗ್ಗೆ ತಿಂಡಿ ತಿಂದದ್ದನ್ನು ಮರೆತು ನನ್ನನ್ನು ಎರಡನೇ ಸಲ ಇಡ್ಲಿ ಕೇಳಿದ್ದಾನೆ ಎಂದು ಆ ಗುಂಪಿನಲ್ಲಿ ಯಾರಿಗೂ ಗೊತ್ತಿಲ್ಲ.

ನಾನು ಊಹಿಸುವುದನ್ನು ಬಿಟ್ಟುಬಿಟ್ಟಿದ್ದೆ. ಎದುರಾಡಬೇಡಿ ಎಂದಿದ್ದರಲ್ಲ. ತೋರಿಸುವುದು, ಕೇಳುವುದು, ಒತ್ತುವುದು.

ಹೊಟ್ಟೆಕಿಚ್ಚು ಪಟ್ಟೆ ಎಂದು ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ. ಎಲ್ಲೋ ದೂರದ ದೇಶದಲ್ಲಿ ನಾವು ಹುಟ್ಟುವ ಮೊದಲೇ ಗುಜರಿಗೆ ಹೋದ ವಿಮಾನಗಳು. ನೂರಾ ನಲವತ್ತಮೂರು ಒಂದಾದರೂ ಇಡಿಯಾಗಿ ಉಳಿದಿಲ್ಲ ಎಂದು ಅಣ್ಣನೇ ಹೇಳುತ್ತಿದ್ದ. ಅಂಥದ್ದರ ಬಾಲದ ತುದಿ ಕಂಡರೆ ಸಾಕು, ಗುರುತು ಸಿಗುತ್ತದೆ. ಚಿಕ್ಕಂದಿನಲ್ಲಿ ಹುಲಿಕೆರೆಯ ಕೊಳದ ಮೆಟ್ಟಿಲಿನಲ್ಲಿ ನಾನು ಜಾರಿ ಮೊಣಕಾಲು ಒಡೆದುಕೊಂಡಾಗ ಹೆಗಲ ಮೇಲೆ ಹೊತ್ತು ಮನೆಗೆ ತಂದವನು ಇವನು. ಊಟ ಬಡಿಸಿ, ಉಗುರು ಕತ್ತರಿಸಿ, ಒದ್ದೆಯಾದ ಪಂಚೆ ಬದಲಿಸುವ ನಾನು ಇಡಿಯಾಗಿ ಎದುರಿಗೆ ನಿಂತರೂ ಗುರುತಿಲ್ಲ. ನನಗೆ ವಾಸಿಯಾಗುವುದು ಬೇಕಿರಲಿಲ್ಲ. ಅದು ಆಗುವುದಿಲ್ಲ ಎಂದು ಒಪ್ಪಿಕೊಂಡಿದ್ದೆ. ಅವನು ನನ್ನನ್ನು ಒಮ್ಮೆ ಕೂಸೇ ಎನ್ನಬೇಕಿತ್ತು. ನಾನು ಯಾರೆಂದು ತಿಳಿದು ಅನ್ನಬೇಕಿತ್ತು. ಬೇಕಿದ್ದದ್ದು ಅಷ್ಟೇ.

ಚಳಿಗಾಲದ ಒಂದು ದಿನ, ಅಲ್ಲಿಗೆ ಹೋದರೆ ಏನಾದರೂ ನೆನಪಾದೀತು ಎಂದು ಹಳೇಬೀಡಿಗೆ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ಪೂರ್ತಿ ನಿದ್ದೆ. ದೇವಸ್ಥಾನದ ಹುಲ್ಲುಹಾಸು ಕಾಲಿಗೆ ತಗುಲಿದ್ದೇ ತಡ, ಬೆನ್ನು ನೆಟ್ಟಗಾಯಿತು. ಎರಡೂ ಕೈ ಹಿಂದಕ್ಕೆ ಕಟ್ಟಿ, "ಬನ್ನಿ ಮೇಡಂ, ಎಡಗಡೆಯಿಂದ ಶುರುಮಾಡೋಣ" ಎಂದ. ಹಿಂದೆ ಹಿಂದೆ ಹೋದೆ. ಗೋಡೆಯ ಆನೆಸಾಲು, ಕುದುರೆಸಾಲು, ಬಳ್ಳಿಸಾಲು ಎಲ್ಲ ಹೇಳಿದ. ಒಂದು ಮಾತು ತಪ್ಪಲಿಲ್ಲ. ಬೇಲೂರಿನಿಂದ ಬಂದಿದ್ದ ಒಂದು ಸಂಸಾರ, ಆಮೇಲೆ ಇನ್ನೊಂದು, ನಮ್ಮ ಹಿಂದೆ ಸೇರಿಕೊಂಡವು. ಅವನ ಹಳೆಯ ಜೊತೆಗಾರನೊಬ್ಬ ದೂರದಲ್ಲಿ ತನ್ನ ಯಾತ್ರಿಕರ ಜೊತೆ ನಿಂತು ನನಗೆ ಕೈಮುಗಿದ. ಮಾತಾಡಿಸಲು ಬರಲಿಲ್ಲ.

ಮುಖ ಒಡೆದುಹೋದ ಒಂದು ವಿಗ್ರಹದ ಮುಂದೆ ಅಣ್ಣ ನಿಂತ. "ಇದು ಯಾರು ಹೇಳಿ?" ಎಂದು ನನ್ನನ್ನೇ ಕೇಳಿದ. ಗೊತ್ತಿಲ್ಲ ಎಂದೆ.

"ಮುಖ ಹೋಗಿದೆ, ಪರವಾಗಿಲ್ಲ. ಮುಖ ನೋಡಿ ಯಾವ ದೇವರನ್ನೂ ಹೇಳುವುದಕ್ಕಾಗುವುದಿಲ್ಲ ಮೇಡಂ. ಎಲ್ಲರ ಮುಖವೂ ಒಂದೇ. ಕೈಯಲ್ಲಿ ಏನಿದೆ ನೋಡಿ. ಡಮರು, ತ್ರಿಶೂಲ. ಶಿವ. ಕೈಯೂ ಮುರಿದಿದ್ದರೆ ಕಾಲ ಹತ್ತಿರ ವಾಹನ ನೋಡಿ. ಹಿಡಿದದ್ದೇ ಅವರ ಗುರುತು."

ಬೇಲೂರಿನ ಸಂಸಾರದವರು ತಲೆದೂಗಿದರು. ನನಗೆ ಅಲ್ಲೇ ಉಪಾಯ ಹೊಳೆಯಿತು. ಹಿಂದಿರುಗುವ ಬಸ್ಸಿನಲ್ಲಿ ಅವನು ನನ್ನ ಹೆಗಲಿಗೆ ತಲೆಯಿಟ್ಟು ಮಲಗಿದ್ದಾಗ ಯೋಚಿಸಿ ಯೋಚಿಸಿ ಗಟ್ಟಿ ಮಾಡಿಕೊಂಡೆ. ನಾನು ದಿನಕ್ಕೊಂದು ಸೀರೆ ಉಟ್ಟು, ಒಮ್ಮೆ ತಟ್ಟೆ, ಒಮ್ಮೆ ಬಕೆಟ್ಟು, ಒಮ್ಮೆ ಮಾತ್ರೆ ಹಿಡಿದು ಬಂದರೆ ಅವನಾದರೂ ಹೇಗೆ ಗುರುತು ಹಿಡಿದಾನು? ನನಗೂ ಒಂದು ಲಾಂಛನ ಬೇಕು.

ಎರಡು ಆರಿಸಿಕೊಂಡೆ. ಒಂದು ನನ್ನ ಕಂದು ಬಣ್ಣದ ಸ್ವೆಟರು. ಅವನೇ ಹಾಸನದಿಂದ ತಂದುಕೊಟ್ಟದ್ದು, ಮೊಣಕೈ ಸವೆದಿದೆ. ಇನ್ನೊಂದು ನಮ್ಮ ಅವ್ವನ ಹಿತ್ತಾಳೆ ಲೋಟ. ಕಾಫಿ ಅದರಲ್ಲೇ. ಬೆಳಿಗ್ಗೆ ಅವನೆದುರಿಗೆ ಹೋಗುವಾಗಲೆಲ್ಲ ಸ್ವೆಟರು ಹಾಕಿ, ಲೋಟ ಬಲಗೈಯಲ್ಲಿ ಹಿಡಿದು, ಒಂದೇ ಬಾಗಿಲಿನಿಂದ ಬಂದು, "ಅಣ್ಣಾ, ನಾನು ಕಣೋ, ಕೂಸು" ಎನ್ನುತ್ತಿದ್ದೆ. ನನ್ನನ್ನು ನೋಡಿದವರು ಏನೆಂದುಕೊಳ್ಳುತ್ತಿದ್ದರೋ. ಮೊದಮೊದಲು, "ಥ್ಯಾಂಕ್ಯೂ ಮೇಡಂ" ಎಂದು ಲೋಟ ತೆಗೆದುಕೊಳ್ಳುತ್ತಿದ್ದ. ಬಿಡಲಿಲ್ಲ. ಚಳಿ ಮುಗಿದು ಬಿಸಿಲು ಏರಿತು. ಅರಸೀಕೆರೆಯ ಬೇಸಿಗೆಯಲ್ಲಿ ಸ್ವೆಟರು ಹಾಕಿಕೊಂಡು ಓಡಾಡಿದವಳು ನಾನೊಬ್ಬಳೇ ಇರಬೇಕು. ಕುತ್ತಿಗೆಯೆಲ್ಲ ಬೆವರುಸಾಲೆ ಎದ್ದಿತು.

ಒಂದು ಬೆಳಿಗ್ಗೆ ಲೋಟ ತೆಗೆದುಕೊಂಡು, ಒಂದು ಗುಟುಕು ಕುಡಿದು, ನನ್ನನ್ನು ನೋಡದೆಯೇ, "ಸಕ್ಕರೆ ಕಮ್ಮಿ ಐತೆ ಕಣೇ ಕೂಸೇ" ಎಂದ.

ಅಡುಗೆಮನೆಗೆ ಹೋಗಿ ಸಕ್ಕರೆ ಡಬ್ಬಿ ಹಿಡಿದುಕೊಂಡು ಅತ್ತೆ. ಡಾಕ್ಟರು ಸಕ್ಕರೆ ಕಮ್ಮಿ ಮಾಡಿ ಎಂದಿದ್ದರು. ಅವತ್ತು ಎರಡು ಚಮಚ ಹೆಚ್ಚಿಗೆ ಹಾಕಿದೆ.

ಆಮೇಲೆ ಬೆಳಿಗ್ಗೆ ಎಷ್ಟೋ ಸಲ ಕೂಸೇ ಎಂದ. ದಿನವೆಲ್ಲ ಮೇಡಂ, ಬೆಳಗಿನ ಕಾಫಿಗೆ ಕೂಸು. ಅಷ್ಟು ಸಾಕು ನನಗೆ ಎಂದುಕೊಂಡೆ. ಮೈಯಲ್ಲಿ ಸ್ವಲ್ಪ ಬಲ ಬಂದಂತಾಯಿತು. ಮನೆಗೆಲಸಕ್ಕೆ ಹಾರನಹಳ್ಳಿಯಿಂದ ಬರುವ ಹೆಂಗಸಿಗೂ ಹೇಳಿ ಹಿಗ್ಗಿದೆ. ಒಳ್ಳೆಯವಳು. ನಾಲ್ಕು ಮನೆ ಕೆಲಸ ಮಾಡಿ ಸುಸ್ತಾಗಿದ್ದರೂ ಅಣ್ಣನ ಹತ್ತಿರ ಒಂದು ದಿನವೂ ದನಿ ಏರಿಸಿದವಳಲ್ಲ. "ಆಯ್ತಲ್ಲ ಬಿಡಿ ಟೀಚರಮ್ಮ, ದೇವ್ರು ಕಣ್ ಬಿಟ್ಟ" ಎಂದಳು.

ಮಳೆ ಶುರುವಾದ ಮೇಲೆ ನನಗೆ ಹಲ್ಲು ನೋವು ಬಂತು. ಬೆಳಿಗ್ಗೆ ಬೇಗ ಬಾ, ಅಣ್ಣನ ಹತ್ತಿರ ಇರು ಎಂದು ಅವಳಿಗೆ ಹೇಳಿ ಹಲ್ಲಿನ ಡಾಕ್ಟರ ಹತ್ತಿರ ಹೋದೆ. ಅವರು ಇನ್ನೂ ಬಾಗಿಲೇ ತೆಗೆದಿರಲಿಲ್ಲ. ಕಾದು ಬೇಸರವಾಗಿ ವಾಪಸು ಬಂದೆ. ಗೇಟಿನ ಹತ್ತಿರ ಕೊಡೆ ಮಡಚುತ್ತಿದ್ದಾಗ ಒಳಗಿನಿಂದ ಅಣ್ಣನ ದನಿ ಕೇಳಿಸಿತು.

"ಇವತ್ತು ಕಾಫಿ ಸಂದಾಗೈತೆ ಕಣೇ ಕೂಸೇ."

ಬಾಗಿಲಿಗೆ ಬಂದು ನೋಡಿದೆ. ಅವನ ಮುಂದೆ ಹಾರನಹಳ್ಳಿಯವಳು ನಿಂತಿದ್ದಳು. ಬಸ್ಸಿಳಿದು ನಡೆದು ಬರುವಾಗ ಪೂರ್ತಿ ನೆನೆದಿದ್ದಳು, ಮೊಳೆಗೆ ನೇತುಹಾಕಿದ್ದ ನನ್ನ ಸ್ವೆಟರು ಹಾಕಿಕೊಂಡಿದ್ದಳು. ಅಣ್ಣನ ಕೈಯಲ್ಲಿ ಅವ್ವನ ಹಿತ್ತಾಳೆ ಲೋಟ. ಅವಳು ನನ್ನನ್ನು ಕಂಡು ಗಾಬರಿಯಾಗಿ ಸ್ವೆಟರಿನ ಗುಂಡಿ ಬಿಚ್ಚತೊಡಗಿದಳು.

"ಚಳಿ ಆಗಿತ್ತು ಟೀಚರಮ್ಮ, ಅದ್ಕೇ... ಅಣ್ಣಾರು ನನ್ನೇ ನೀವು ಅಂದ್ಕಂಡವ್ರೆ. ನಾನೇನೂ ಅನ್ನಲಿಲ್ಲ ಕಣ್ರಮ್ಮ, ಸುಮ್ಕೆ ನಿಂತಿದ್ದೆ."

"ಇರಲಿ ಬಿಡು, ಹಾಕ್ಕೊಂಡಿರು. ನೆನೆದಿದ್ದೀಯ" ಎಂದೆ. ಅಣ್ಣ ತಲೆಯೆತ್ತಿ ನೋಡಿ, "ಬನ್ನಿ ಮೇಡಂ, ಎಲ್ಲಿಂದ ಬಂದ್ರಿ?" ಎಂದ.

ಹಿಡಿದದ್ದೇ ಅವರ ಗುರುತು. ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಸ್ವೆಟರನ್ನೂ ಲೋಟವನ್ನೂ ಗುರುತು ಹಿಡಿಯುವುದನ್ನು ನಾನೇ ಕೂತು ಕಲಿಸಿದ್ದೆ. ಅವನು ಇಷ್ಟು ದಿನ ಕೂಸೇ ಎಂದದ್ದು ಸವೆದ ಮೊಣಕೈಗೆ. ಆ ಹೆಂಗಸಿನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವನ ಮೇಲೂ ಬರಲಿಲ್ಲ. ಸಿಟ್ಟು ಬರುವಷ್ಟು ಶಕ್ತಿಯೇ ಇರಲಿಲ್ಲ ಅನ್ನುವುದು ನಿಜ. ಸ್ವೆಟರನ್ನು ಅವಳಿಗೇ ಕೊಟ್ಟುಬಿಟ್ಟೆ. ಲೋಟ ಅಟ್ಟಕ್ಕೆ ಹೋಯಿತು. ಬೆಳಗಿನ ಕಾಫಿ ಸ್ಟೀಲ್ ಲೋಟದಲ್ಲಿ ಬರತೊಡಗಿತು, ಥ್ಯಾಂಕ್ಯೂ ಮೇಡಂ ಎಂದು ಅಣ್ಣ ಕುಡಿಯತೊಡಗಿದ.

ಆಮೇಲಿನ ದಿನಗಳ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಅನ್ನ ಮಾಡಿದೆ, ಬಟ್ಟೆ ಒಗೆದೆ, ಮಾತ್ರೆ ಕೊಟ್ಟೆ. ಅಕ್ಕಪಕ್ಕದವರು ಹೇಗಿದ್ದಾರೆ ಎಂದು ಕೇಳಿದರೆ ಹಾಗೇ ಇದ್ದಾರೆ ಎಂದೆ. ಫೋಟೋ ತೋರಿಸುವುದನ್ನೂ ಬಿಟ್ಟುಬಿಡೋಣ ಎಂದುಕೊಂಡಿದ್ದೆ. ಆದರೆ ಸಂಜೆಯಾದರೆ ಅವನು ಕುರ್ಚಿಯಲ್ಲಿ ಕೂತು ಅಂಗೈಯನ್ನು ತೊಡೆಯ ಮೇಲೆ ಮುಂದೆ ಹಿಂದೆ ಸವರುತ್ತಿದ್ದ. ಅದು ಹೆಸರು ಮುಚ್ಚಿ ಪುಸ್ತಕ ಹಿಡಿಯುತ್ತಿದ್ದ ಕೈ. ನೋಡಲಾಗದೆ ಫೋನು ತೆಗೆಯುತ್ತಿದ್ದೆ.

ಹಾರನಹಳ್ಳಿಯವಳು ಯಾವುದೋ ಮದುವೆಗೆಂದು ರಜೆ ಹಾಕಿದ್ದ ಒಂದು ದಿನ. ಬೆಳಿಗ್ಗೆಯಿಂದ ಕರೆಂಟಿಲ್ಲ, ತೊಟ್ಟಿಯಲ್ಲಿ ನೀರು ತಳ ಮುಟ್ಟಿತ್ತು. ಅಣ್ಣ ಎರಡು ಸಲ ಬಟ್ಟೆಯಲ್ಲೇ ಮಾಡಿಕೊಂಡ. ಮಧ್ಯಾಹ್ನ ಮಾಡಿದ ಸಾರನ್ನು, ಇದು ಯಾತ್ರಿಕರಿಗೆ ಕೊಡುವಂಥದ್ದಲ್ಲ ಎಂದು ಮೋರಿಗೆ ಸುರಿದ. ಸಂಜೆ ಕರೆಂಟು ಬಂತು. ನಾನು ಒಗೆದು ಹಿಂಡಿ ಕೈ ಸೋತು, ಒದ್ದೆ ಸೆರಗಿನಲ್ಲೇ ಅವನ ಪಕ್ಕ ಕೂತು ಫೋನು ಹಿಡಿದೆ. ಕೈಯಲ್ಲಿ ಫೋನು ಬಿಟ್ಟು ಬೇರೇನೂ ಇರಲಿಲ್ಲ.

ಹೊಲದಂಥ ಬಯಲಿನಲ್ಲಿ ನಿಂತ ಒಂದು ವಿಮಾನ. ಫೋಟೋದ ಅರ್ಧ ಭಾಗ ಬಿಳಿಚಿಕೊಂಡಿತ್ತು. ಗಾಜಿನ ಮೂತಿ ಕಂಡಿತು, ಚಕ್ರ ಕಂಡಿತು. ಅಣ್ಣ ಕಣ್ಣು ಕಿರಿದು ಮಾಡಿದ, ತಲೆ ಓರೆ ಮಾಡಿದ. ನನಗೆ ಕಾಯುವ ತಾಳ್ಮೆಯಿರಲಿಲ್ಲ. ಬೇಗ ಮುಗಿಸಿ, ಅನ್ನಕ್ಕಿಟ್ಟು, ಬೆನ್ನು ನೆಲಕ್ಕೆ ಹಾಕಿದರೆ ಸಾಕಾಗಿತ್ತು.

"ಇನ್ನೂರು ಅಲ್ವೇನೋ ಇದು?" ಎಂದೆ.

ಅಣ್ಣ ಫೋನಿನಿಂದ ಕಣ್ಣು ತೆಗೆದು ನನ್ನ ಮುಖ ನೋಡಿದ. ಹಣೆಗೆ ಕೈ ಹೋಯಿತು, ಚಟ್ಟನೆ ಒಂದು ಪೆಟ್ಟು.

"ಅಯ್ಯೋ ನಿನ್ನ! ಎಷ್ಟ್ ಸಲ ಹೇಳೋದೇ ನಿಂಗೆ? ಇನ್ನೂರಲ್ಲ, ನೂರಾ ನಲವತ್ತಮೂರು! ಹೊಟ್ಟೆ ನೋಡೇ, ಕೆಳಗೆ ಎರಡಂತಸ್ತು ಗಾಜಿನ ಮನೆ ಐತಲ್ಲ, ಕಣ್ಣಿಲ್ವಾ? ಇನ್ನೂರಕ್ಕೆ ಎಲ್ಲೈತೆ ಇದು? ಈ ತಪ್ಪು ನೀನ್ ಬಿಟ್ರೆ ಬೇರೆ ಯಾವಳೂ ಮಾಡಲ್ಲ ಕಣೇ ಕೂಸೇ. ಲೆಕ್ಕದ ಟೀಚರಂತೆ!" ಎಂದವನು ಅಡುಗೆಮನೆಯ ಕಡೆ ತಿರುಗಿ, ಅತ್ತಿಗೆಯನ್ನು ಕರೆದು, "ಇಲ್ನೋಡು, ನಿನ್ ನಾದ್ನಿ ಮತ್ತೆ ಅದನ್ನೇ ಅಂತಾವ್ಳೆ" ಎಂದು ಕೂಗಿದ.

ಅಡುಗೆಮನೆಯಿಂದ ಯಾರೂ ಓಗೊಡಲಿಲ್ಲ. ಅವನು ಸ್ವಲ್ಪ ಹೊತ್ತು ಆ ಕಡೆಯೇ ನೋಡಿದ. ನಾನು ಅವನ ಕೈ ಹಿಡಿದುಕೊಂಡೆ. ಬೈಸಿಕೊಂಡು ಇಷ್ಟು ಸುಖಪಟ್ಟದ್ದು ಆಯುಷ್ಯದಲ್ಲೇ ಇಲ್ಲ.

"ಕೈ ಯಾಕೇ ಇಷ್ಟ್ ತಣ್ಣಗಾಗೈತೆ? ಒದ್ದೆ ಸೀರೇಲಿ ಕೂತಿದ್ದೀಯಾ?" ಎಂದ ಅಣ್ಣ. ಬಟ್ಟೆ ಒಗೆಯುತ್ತಿದ್ದೆ ಕಣೋ ಎಂದೆ. "ಇಷ್ಟ್ ಹೊತ್ನಲ್ಲಿ ಯಾರ್ ಬಟ್ಟೆ ಒಗೀತಾರೆ? ಸುಸ್ತಾಗಿದ್ದೀಯ ಕೂಸೇ ನೀನು. ಹೋಗಿ ಒಸಿ ಮನಿಕೋ" ಎಂದ. ಯಾರ ಬಟ್ಟೆ ಎಂದು ನಾನು ಹೇಳಲಿಲ್ಲ. ಅನ್ನಕ್ಕಿಟ್ಟು ಬರುವಷ್ಟರಲ್ಲಿ ಅವನು ಕುರ್ಚಿಯಿಂದ ಎದ್ದು ನಿಂತು ನನಗೆ ಜಾಗ ಬಿಟ್ಟುಕೊಟ್ಟ. "ಕೂತ್ಕೊಳ್ಳಿ ಮೇಡಂ, ತುಂಬಾ ದೂರದಿಂದ ಬಂದಿದ್ದೀರಿ" ಎಂದ.

ಇದೆಲ್ಲ ಆಗಿ ಸುಮಾರು ದಿನಗಳಾದವು. ಈಗ ನನಗೆ ಆ ಎರಡೂ ವಿಮಾನಗಳು ಚೆನ್ನಾಗಿ ಗೊತ್ತು. ನೂರಾ ನಲವತ್ತಮೂರರ ಹೊಟ್ಟೆಯಡಿ ಗಾಜಿನ ಎರಡಂತಸ್ತು ಇದೆ, ದಪ್ಪ ರೆಕ್ಕೆ ತೆಳ್ಳಗಿನ ಮೈಯನ್ನು ಹಾದುಹೋಗುತ್ತದೆ; ಇನ್ನೂರರ ರೆಕ್ಕೆ ಮೈಯ ಮೇಲೆ ಚಪ್ಪರದಂತೆ ಕೂತಿದೆ. ಕಣ್ಣು ಮುಚ್ಚಿ ಹೇಳಬಲ್ಲೆ. ಆದರೂ ಸಂಜೆಯ ಪಾಠದ ಕೊನೆಗೆ ಆ ದಪ್ಪ ಪುಸ್ತಕ ತೆರೆದು, ಹೆಸರಿನ ಮೇಲೆ ಅಂಗೈಯಿಟ್ಟು, ನೂರಾ ನಲವತ್ತಮೂರನ್ನು ಅವನ ಮುಂದೆ ಹಿಡಿದು, ಇದು ಇನ್ನೂರು ಅಲ್ವೇನೋ ಎನ್ನುತ್ತೇನೆ. ಕೆಲವು ಸಂಜೆ ಹಣೆ ಚಚ್ಚಿಕೊಂಡು ಬೈಯುತ್ತಾನೆ. ಅಂಥ ಸಂಜೆಗಳು ಕಡಿಮೆಯಾಗುತ್ತಿವೆ.

ನಿನ್ನೆ ಬೈಯಲಿಲ್ಲ. ಚಿತ್ರವನ್ನು ತುಂಬಾ ಹೊತ್ತು ನೋಡಿ, ಆಮೇಲೆ ನನ್ನನ್ನು ನೋಡಿ, "ಇರಬಹುದು ಮೇಡಂ, ನೀವು ಹೇಳಿದರೆ ಸರಿಯಾಗಿರುತ್ತದೆ" ಎಂದ.

"ಅಲ್ಲ ಕಣೋ ಅಣ್ಣ," ಎಂದೆ. "ನೂರಾ ನಲವತ್ತಮೂರು. ಹೊಟ್ಟೆ ನೋಡು." ಅವನ ಬೆರಳನ್ನು ಹಿಡಿದು ಚಿತ್ರದ ಮೇಲಿಟ್ಟು, ಗಾಜಿನ ಎರಡಂತಸ್ತನ್ನು ಮೆಲ್ಲಗೆ ತೋರಿಸಿದೆ.